ಸೋಲನ್ನು ಯಾವ ನಡೆಯ ಖಾತೆಗೆ ಬರೆಯಬೇಕು?

ನಮ್ಮ ಕಾಲೇಜಿನಲ್ಲಿ ಮೊಬೈಲಿನಲ್ಲಿ ಚೆಸ್ ಆಡುವವರಿಗೆ ಕೊರತೆಯಿಲ್ಲ. ಆ ಮೊಬೈಲಿನೊಳಗಿನ ಎದುರಾಳಿಗೆ ಆಟದ ಮೊದಲ ಹತ್ತು ಹನ್ನೆರಡು ನಡೆಗಳು ಹೇಗೆ ಗೊತ್ತು ಎಂದು ಕೇಳಿ ನೋಡಿ. "ಅದು ಕಂಪ್ಯೂಟರ್ ಅಲ್ವಾ, ಎಲ್ಲಾ ಲೆಕ್ಕ ಹಾಕುತ್ತೆ" ಎನ್ನುತ್ತಾರೆ. ಇದು ಅರ್ಧ ಉತ್ತರ. ಲೆಕ್ಕ ಹಾಕುವುದು ಬೇರೆ, ಲೆಕ್ಕ ಬರೆದಿಡುವುದು ಬೇರೆ. ಕಾಮರ್ಸ್ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆಸ್ ಪ್ರೋಗ್ರಾಂಗಳು ತಾವು ಆಡಿದ ಆಟಗಳನ್ನು ಹೇಗೆ ಬರೆದಿಟ್ಟುಕೊಂಡು, ಮುಂದಿನ ಆಟದ ಆರಂಭವನ್ನು ಹೇಗೆ ಬದಲಾಯಿಸಿಕೊಳ್ಳುತ್ತವೆ ಎಂಬುದೇ ಈ ಲೇಖನದ ವಿಷಯ.

ಆಟದ ಆರಂಭದ ನಡೆಗಳಿಗೆ ಓಪನಿಂಗ್ ಎನ್ನುತ್ತಾರೆ. ಯಾವ ಸ್ಥಿತಿಯಲ್ಲಿ ಯಾವ ನಡೆ ಆಡಬೇಕೆಂದು ಮೊದಲೇ ತುಂಬಿಟ್ಟ ಪಟ್ಟಿಗೆ ಓಪನಿಂಗ್ ಬುಕ್ ಎಂದು ಹೆಸರು. ಈ ಬುಕ್‌ನಲ್ಲಿ ಇರುವವರೆಗೆ ಪ್ರೋಗ್ರಾಂ ಯೋಚಿಸುವುದಿಲ್ಲ, ಪುಟ ನೋಡಿ ಆಡುತ್ತದೆ. ಪುಟ ಮುಗಿದ ಮೇಲೆ ಸ್ವಂತ ಲೆಕ್ಕ ಶುರು.

ಬರೆದಿಡುವ ಕೆಲಸ ಓಪನಿಂಗ್‌ಗೇ ಯಾಕೆ ಸರಿಹೊಂದುತ್ತದೆ? ಎಲ್ಲ ಆಟಗಳೂ ಒಂದೇ ಜಾಗದಿಂದ ಶುರುವಾಗುತ್ತವೆ. ಬಿಳಿಯವರಿಗೆ ಮೊದಲ ನಡೆಗೆ 20 ಆಯ್ಕೆ: ಎಂಟು ಪದಾತಿಗಳಿಗೆ ತಲಾ ಎರಡು, ಎರಡು ಕುದುರೆಗಳಿಗೆ ತಲಾ ಎರಡು. ಕಪ್ಪಿಗೂ ಅಷ್ಟೇ. ಹೀಗೆ ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ ಆಟ 400 ಬಗೆಯಲ್ಲಿ ಸಾಗಿರಬಹುದು. ಎರಡೆರಡು ನಡೆಯಾದರೆ 1,97,281 ಬಗೆ. ಆಮೇಲೆ ಎಣಿಸುವುದೇ ಬೇಡ. ಹಾಗಾಗಿ ಇಪ್ಪತ್ತೈದನೇ ನಡೆಯಲ್ಲಿ ಬಂದ ಒಂದು ಸ್ಥಿತಿ ಜೀವಮಾನದಲ್ಲಿ ಮತ್ತೆ ಬರದೇ ಹೋಗಬಹುದು. ಮೊದಲ ನಾಲ್ಕೈದು ನಡೆಯ ಸ್ಥಿತಿಗಳು ಮಾತ್ರ ಅಂಗಡಿಯ ಖಾಯಂ ಗಿರಾಕಿಯಂತೆ ದಿನವೂ ಬರುತ್ತವೆ. ಖಾತೆ ತೆರೆಯುವುದು ಖಾಯಂ ಗಿರಾಕಿಗೇ ತಾನೇ? ದಾರಿಹೋಕರಿಗೆ ಯಾರೂ ಲೆಡ್ಜರ್‌ನಲ್ಲಿ ಪುಟ ಮೀಸಲಿಡುವುದಿಲ್ಲ.

1959ರಲ್ಲೇ ಇದು ಕಂಡುಬಂದಿತ್ತು. ಅಮೆರಿಕದ ಐಬಿಎಂ ಕಂಪನಿಯಲ್ಲಿದ್ದ ಆರ್ಥರ್ ಸ್ಯಾಮ್ಯುಯೆಲ್ ಎಂಬವರು ಚೆಕರ್ಸ್ ಆಟಕ್ಕೆ ಒಂದು ಪ್ರೋಗ್ರಾಂ ಬರೆದು, ಅದು ಕಂಡ ಸ್ಥಿತಿಗಳನ್ನೂ ಅವುಗಳ ಅಂಕಗಳನ್ನೂ ನೆನಪಿಟ್ಟುಕೊಳ್ಳುವಂತೆ ಮಾಡಿದ್ದರು. ಹೀಗೆ ಬಾಯಿಪಾಠ ಮಾಡಿದ ಪ್ರೋಗ್ರಾಂ ಆರಂಭದ ಆಟದಲ್ಲಿ ಚೆನ್ನಾಗಿ ಸುಧಾರಿಸಿತು, ನಡುವಿನ ಆಟದಲ್ಲಿ ಅಷ್ಟಾಗಿ ಸುಧಾರಿಸಲಿಲ್ಲ.

ಓದಿದ್ದನ್ನು ಕಣ್ಣಾರೆ ನೋಡಬೇಕೆಂದು ನಾವು ಮೂವರು ಸೇರಿ ಒಂದು ಪ್ರಯೋಗ ಮಾಡಿದೆವು. ಕಂಪ್ಯೂಟರ್ ಬೇಕಾಗಲಿಲ್ಲ. ಬೇಕಾದದ್ದು 24 ಖಾಲಿ ಬೆಂಕಿಪೊಟ್ಟಣ ಮತ್ತು ಬಣ್ಣದ ಮಣಿಗಳು. ಪೊಟ್ಟಣಗಳನ್ನು ನನ್ನ ಮಾಮು ತಮ್ಮ ಕಿರಾಣಿ ಅಂಗಡಿಯಿಂದ ಕೊಟ್ಟರು (ಒಳಗಿನ ಕಡ್ಡಿಗಳನ್ನು ಡಬ್ಬಿಗೆ ಸುರಿದುಕೊಂಡು ಅಮ್ಮಿ ಇನ್ನೂ ಉಪಯೋಗಿಸುತ್ತಿದ್ದಾರೆ). ಮಣಿಗಳು ನನ್ನ ತಂಗಿಯ ಹರಿದ ಸರದ್ದು. ಈ ಆಟಕ್ಕೆ ಹೆಕ್ಸಾಪಾನ್ ಎಂದು ಹೆಸರು. ಮಾರ್ಟಿನ್ ಗಾರ್ಡ್ನರ್ ಎಂಬ ಲೇಖಕರು 1962ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಇದನ್ನು ಪರಿಚಯಿಸಿದ್ದರು.

ಮೂರು ಸಾಲು, ಮೂರು ಕಂಬ, ಒಟ್ಟು ಒಂಬತ್ತು ಮನೆ. ಆಚೆ ಮೂರು ಪದಾತಿ, ಈಚೆ ಮೂರು ಪದಾತಿ. ಚೆಸ್‌ನಂತೆಯೇ ಪದಾತಿ ನೇರವಾಗಿ ಮುಂದೆ ನಡೆಯುತ್ತದೆ, ಓರೆಯಾಗಿ ಹೊಡೆಯುತ್ತದೆ. ನಡೆಯುವುದು ಮಾತ್ರ ಯಾವಾಗಲೂ ಒಂದೇ ಮನೆ. ಎದುರಿನ ಕೊನೆಯ ಸಾಲು ಮುಟ್ಟಿದರೆ, ಎದುರಾಳಿಯ ಎಲ್ಲ ಪದಾತಿಗಳನ್ನು ಹೊಡೆದರೆ, ಅಥವಾ ಎದುರಾಳಿಗೆ ನಡೆಯಲು ದಾರಿಯೇ ಇಲ್ಲದಂತೆ ಮಾಡಿದರೆ ಗೆಲುವು. ಮೊದಲ ನಡೆ ಮನುಷ್ಯನದು, ಎರಡನೆಯದು ಪೊಟ್ಟಣಗಳದು. ಪೊಟ್ಟಣಗಳ ಸರದಿಯಲ್ಲಿ ಬರಬಹುದಾದ ಒಂದೊಂದು ಸ್ಥಿತಿಗೂ ಒಂದೊಂದು ಪೊಟ್ಟಣ. ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾದವುಗಳನ್ನು ಒಂದೇ ಎಂದು ಎಣಿಸಬೇಕು. ಮೇಲೆ ಸ್ಥಿತಿಯ ಚಿತ್ರ, ಚಿತ್ರದಲ್ಲಿ ಬಣ್ಣದ ಬಾಣಗಳು, ಒಳಗೆ ಒಂದೊಂದು ಬಾಣಕ್ಕೂ ಅದೇ ಬಣ್ಣದ ಒಂದು ಮಣಿ. ಸರದಿ ಬಂದಾಗ ಕಣ್ಣು ಮುಚ್ಚಿ ಮಣಿ ತೆಗೆಯಬೇಕು. ಯಾವ ಬಣ್ಣ ಬಂತೋ ಆ ನಡೆ.

ಪೊಟ್ಟಣಗಳು ಸೋತರೆ, ಅವು ಕೊನೆಯದಾಗಿ ಆಡಿದ ನಡೆಯ ಮಣಿಯನ್ನು ಹೊರಗಿಡಬೇಕು. ಗೆದ್ದರೆ ಎಲ್ಲ ಮಣಿಗಳೂ ವಾಪಸ್. ಒಂದು ಪೊಟ್ಟಣ ಪೂರ್ತಿ ಖಾಲಿಯಾಗಿದ್ದರೆ ಅದು ಸೋಲೊಪ್ಪಿಕೊಂಡಂತೆ. ಆಗ ಅದರ ಹಿಂದಿನ ಪೊಟ್ಟಣದ ಮಣಿಗೆ ಶಿಕ್ಷೆ. ನಿಯಮ ಇಷ್ಟೇ.

ಜೋಹರ್ ನಮಾಜಿನ ನಂತರದ ಬಿಡುವಿನಲ್ಲಿ ಲೈಬ್ರರಿಯ ಮೂಲೆಯ ಮೇಜಿನ ಮೇಲೆ ಆಡುತ್ತಿದ್ದೆವು. ಮೊದಲ ದಿನ ಪೊಟ್ಟಣಗಳು ಸೋತದ್ದೇ ಹೆಚ್ಚು. ಮೂರನೇ ದಿನದ ಹೊತ್ತಿಗೆ ನಮ್ಮ ಮೂವರಲ್ಲಿ ಯಾರಿಗೂ ಗೆಲ್ಲಲಾಗಲಿಲ್ಲ. ಈ ಆಟದಲ್ಲಿ ಎರಡನೆಯವರು ಸರಿಯಾಗಿ ಆಡಿದರೆ ಯಾವಾಗಲೂ ಅವರೇ ಗೆಲ್ಲುತ್ತಾರೆ. ಆ ಸರಿಯಾದ ಆಟವನ್ನು ಒಂದು ಹಿಡಿ ಮಣಿಗಳು ಹುಡುಕಿಕೊಂಡಿದ್ದವು. ಲೆಕ್ಕಶಾಸ್ತ್ರದ ಮೇಡಂ ಕೂಡ ಎರಡು ಆಟ ಸೋತರು. "ಇದಕ್ಕೆ ಏನೂ ಗೊತ್ತಿಲ್ಲ, ಆದ್ರೂ ಗೆಲ್ತದಲ್ಲ!" ಎಂದು ನಕ್ಕರು.

ಈಗ ಒಂದು ಓಪನಿಂಗ್ ನೋಡೋಣ. ನಾವು ನಡುವಿನ ಪದಾತಿಯನ್ನು ಮುಂದೆ ತಳ್ಳಿದೆವು ಎನ್ನಿ. ಪೊಟ್ಟಣ ಅದನ್ನು ಹೊಡೆಯಲೇಬೇಕು. ಹೊಡೆಯದೆ ತನ್ನ ಅಂಚಿನ ಪದಾತಿಯೊಂದನ್ನು ಮುಂದೆ ತಳ್ಳಿದರೆ, ನಾವು ಇನ್ನೊಂದು ಅಂಚಿನ ಪದಾತಿಯನ್ನು ಓರೆಯಾಗಿ ಹೊಡೆದು ನೇರ ಕೊನೆಯ ಸಾಲಿಗೆ ಹೋಗುತ್ತೇವೆ. ಆಟ ಮುಗಿಯಿತು. ಅಂದರೆ ಈ ಪುಟ್ಟ ಆಟದಲ್ಲಿ ತಪ್ಪು ನಡೆ ಮತ್ತು ಸೋಲು ಅಕ್ಕಪಕ್ಕದ ಮನೆಯವು. ಆದ್ದರಿಂದ ಕೊನೆಯ ನಡೆಯ ಖಾತೆಗೆ ಡೆಬಿಟ್ ಹಾಕಿದರೆ ಸಾಮಾನ್ಯವಾಗಿ ಸರಿಯಾದ ಖಾತೆಗೇ ಬೀಳುತ್ತದೆ.

ಇನ್ನೊಂದು ಸಂಗತಿ ನಾವು ಹುಡುಕದೆಯೇ ಸಿಕ್ಕಿತು. ಮನೆಗೆ ತೆಗೆದುಕೊಂಡು ಹೋದಾಗ ನನ್ನ ಖಾಲಾನ ಮಗ, ಆರು ವರ್ಷದವನು, ತಾನೂ ಆಡುತ್ತೇನೆಂದು ಕೂತ. ಎಲ್ಲ ಮಣಿಗಳನ್ನೂ ಮತ್ತೆ ತುಂಬಿ ಹೊಸದಾಗಿ ಶುರು ಮಾಡಿದೆವು. ಅವನ ವಿರುದ್ಧ ಪೊಟ್ಟಣಗಳು ಕೆಟ್ಟ ನಡೆ ಆಡಿಯೂ ಗೆಲ್ಲುತ್ತಿದ್ದವು, ಏಕೆಂದರೆ ಅವನಿಗೆ ಹೊಡೆಯುವ ಅವಕಾಶ ಕಾಣುತ್ತಿರಲಿಲ್ಲ. ಕೆಟ್ಟ ಮಣಿಗಳು ಹಾಗೇ ಒಳಗೆ ಉಳಿದವು. ಮರುದಿನ ಕಾಲೇಜಿನಲ್ಲಿ ಅದೇ ಪೊಟ್ಟಣಗಳು ಮತ್ತೆ ದಡ್ಡರಂತೆ ಸೋತವು.

ನಿಜವಾದ ಚೆಸ್‌ನಲ್ಲಿ ಸೋಲು ಅಷ್ಟು ಹತ್ತಿರದಲ್ಲಿ ಇರುವುದಿಲ್ಲ. ಆರನೇ ನಡೆಯಲ್ಲಿ ಮಾಡಿದ ತಪ್ಪಿಗೆ ನಲವತ್ತನೇ ನಡೆಯಲ್ಲಿ ಸೋಲಬಹುದು. ಆರಂಭವೆಲ್ಲ ಚೆನ್ನಾಗಿದ್ದು, ಮೂವತ್ತನೇ ನಡೆಯಲ್ಲಿ ಆನೆಯನ್ನು ಸುಮ್ಮನೆ ಕೊಟ್ಟೂ ಸೋಲಬಹುದು. ಸೋಲು ಒಂದೇ, ಆದರೆ ನಲವತ್ತು ನಡೆಗಳಲ್ಲಿ ಯಾವುದಕ್ಕೆ ಡೆಬಿಟ್ ಮಾಡುವುದು? ಯಂತ್ರಕ್ಕೆ ಕಲಿಸಲು ಹೊರಟ ಎಲ್ಲರೂ ಎದುರಿಸಿದ ಪ್ರಶ್ನೆ ಇದು. ಅವರು ಕೊಟ್ಟ ಉತ್ತರಗಳು ಮಾತ್ರ ಬೇರೆ ಬೇರೆ.

ಬ್ರಿಟನ್ನಿನ ಡೊನಾಲ್ಡ್ ಮಿಚಿ 1961ರಲ್ಲಿ ಸೊನ್ನೆ–ಕಾಟ ಆಟಕ್ಕೆ 304 ಬೆಂಕಿಪೊಟ್ಟಣಗಳ ಯಂತ್ರ ಮಾಡಿದ್ದರು. ಮೆನಾಸ್ ಎಂದು ಅದರ ಹೆಸರು. ಗಾರ್ಡ್ನರ್ ಅವರ ಆಟಕ್ಕೆ ಸ್ಫೂರ್ತಿಯೂ ಅದೇ. ಮಿಚಿ ಎಲ್ಲ ನಡೆಗಳಿಗೂ ಪಾಲು ಹಾಕಿದರು. ಸೋತರೆ ಆ ಆಟದಲ್ಲಿ ತೆರೆದ ಪ್ರತಿ ಪೊಟ್ಟಣದಿಂದ ಒಂದು ಮಣಿ ಹೊರಗೆ, ಡ್ರಾ ಆದರೆ ಪ್ರತಿಯೊಂದಕ್ಕೂ ಅದೇ ಬಣ್ಣದ ಒಂದು ಹೆಚ್ಚು, ಗೆದ್ದರೆ ಮೂರು ಹೆಚ್ಚು. ಆಟದ ಮೊದಲ ಪೊಟ್ಟಣದಲ್ಲಿ ಬಣ್ಣಕ್ಕೆ ನಾಲ್ಕು ಮಣಿ ಇಟ್ಟು, ಮುಂದೆ ಹೋದಂತೆ ಮೂರು, ಎರಡು, ಒಂದು ಎಂದು ಕಡಿಮೆ ಮಾಡಿದ್ದರು. ಇದರ ಅರ್ಥ ಗಮನಿಸಿ: ಒಂದೇ ಸೋಲಿಗೆ ಕೊನೆಯ ನಡೆ ಪೂರ್ತಿ ಅಳಿಸಿಹೋಗಬಹುದು, ಆದರೆ ಓಪನಿಂಗ್ ಒಂದನ್ನು ಕೈಬಿಡಲು ನಾಲ್ಕು ಸೋಲು ಬೇಕು. ಮೊದಲ ನಡೆಗೆ ಹೆಚ್ಚು ಬಂಡವಾಳ, ಹೆಚ್ಚು ತಾಳ್ಮೆ.

ಇದನ್ನು ಮಾಮುಗೆ ವಿವರಿಸಿದಾಗ ಅವರು ಉದ್ರಿ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ಕೊಬ್ಬರಿ ರೇಟು ಬಿದ್ದ ವರ್ಷ ಒಬ್ಬ ರೈತ ಗಿರಾಕಿಯಿಂದ ಐದು ತಿಂಗಳು ದುಡ್ಡು ಬಂದಿರಲಿಲ್ಲ. "ಇದು ಅವನ ತಪ್ಪಾ, ರೇಟಿನ ತಪ್ಪಾ? ಹತ್ತು ವರ್ಷದ ಗಿರಾಕಿನ ಐದು ತಿಂಗಳ ಬಾಕಿ ನೋಡಿ ಬಿಟ್ಟುಬಿಡೋಕಾಗುತ್ತಾ ಬೇಟಾ?" ಎಂದರು. ಅದೇ ಪುಸ್ತಕದಲ್ಲಿ ಎರಡೇ ತಿಂಗಳಿಗೆ ಕೆಂಪು ಗೆರೆ ಎಳೆದ ಹೆಸರುಗಳೂ ಇದ್ದವು. ಅವರ ಬಗ್ಗೆ ಕೇಳಿದರೆ ಮಾಮು ಬೇರೆ ಮಾತು ತೆಗೆದರು.

ಚೆಸ್‌ನಲ್ಲಿ ಈ ಲೆಕ್ಕವನ್ನು ನನಗೆ ತುಂಬಾ ಹಿಡಿಸುವ ರೀತಿಯಲ್ಲಿ ಬರೆದವರು ರಾಬರ್ಟ್ ಹಯಾಟ್. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ಪ್ರೋಗ್ರಾಂ ಕ್ರೇ ಬ್ಲಿಟ್ಜ್ 1983 ಮತ್ತು 1986ರಲ್ಲಿ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್ ಆಗಿತ್ತು. ಆಮೇಲೆ ಬರೆದದ್ದು ಕ್ರಾಫ್ಟಿ. ಇದು 1990ರ ದಶಕದಲ್ಲಿ ಅಂತರ್ಜಾಲದಲ್ಲಿ ಹಗಲೂ ರಾತ್ರಿ ಯಾರು ಬಂದರೂ ಅವರ ಜೊತೆ ಆಡುತ್ತಿತ್ತು. ಹಾಗೆ ಆಡುವ ಯಂತ್ರಕ್ಕೆ ಒಂದು ಅಪಾಯ ಇದೆ. ಬುಕ್‌ನಲ್ಲಿ ಒಂದು ಕೆಟ್ಟ ಸಾಲು ಇದ್ದು, ಯಾರೋ ಒಬ್ಬರು ಅದನ್ನು ಕಂಡುಹಿಡಿದು ಗೆದ್ದರೆ, ನಾಳೆಯೂ ಅದೇ ಆಟ, ನಾಡಿದ್ದೂ ಅದೇ ಆಟ. ಯಂತ್ರಕ್ಕೆ ನಿನ್ನೆಯ ನೆನಪಿಲ್ಲ, ಎದುರಾಳಿಗೆ ಇದೆ.

ಹಯಾಟ್ ಮಾಡಿದ ಉಪಾಯ ಇದು. ಬುಕ್ ಮುಗಿದ ಮೇಲೆ ಕ್ರಾಫ್ಟಿ ಸ್ವಂತವಾಗಿ ಆಡುವ ಮೊದಲ ಹತ್ತು ನಡೆಗಳಲ್ಲಿ, ಪ್ರತಿ ಸಲ ತನ್ನ ಸ್ಥಿತಿಗೆ ತಾನೇ ಕೊಟ್ಟುಕೊಂಡ ಅಂಕವನ್ನು ಗುರುತು ಹಾಕಿಕೊಳ್ಳುತ್ತದೆ. ಒಂದು ಪದಾತಿಯ ಬೆಲೆ 100 ಎಂದು ಇಟ್ಟುಕೊಂಡರೆ, 150 ಕಡಿಮೆ ಎಂದರೆ ಒಂದೂವರೆ ಪದಾತಿಯಷ್ಟು ನಷ್ಟ. ಹತ್ತು ನಡೆ ಆದ ಮೇಲೆ ತೀರ್ಮಾನ. ಬುಕ್‌ನಿಂದ ಹೊರಬಂದ ಕೂಡಲೇ ಅಂಕ ಕೆಟ್ಟದಾಗಿದ್ದರೆ, ಅಥವಾ ಇಳಿಯುತ್ತಾ ಹೋದರೆ, ಆ ಓಪನಿಂಗ್ ನಡೆಗೆ ಡೆಬಿಟ್. ಬಹಳ ಚೆನ್ನಾಗಿದ್ದರೆ ದೊಡ್ಡ ಕ್ರೆಡಿಟ್. ಸಮವಾಗಿದ್ದರೆ ಸಣ್ಣ ಕ್ರೆಡಿಟ್. ಅಂಥ ಕೆಲವು ಸಮ ಫಲಿತಾಂಶಗಳು ಸೇರಿದರೆ ಒಂದು ಕೆಟ್ಟ ಫಲಿತಾಂಶ ವಜಾ ಆಗುತ್ತದೆ. ನಮೂದು ಬೀಳುವುದು ಬುಕ್‌ನಲ್ಲಿ ಬೇರೆ ದಾರಿ ಹಿಡಿಯುವ ಅವಕಾಶ ಇದ್ದ ತಿರುವಿನಲ್ಲಿ. ಬೇರೆ ಆಯ್ಕೆಯೇ ಇಲ್ಲದ ನಡೆಯನ್ನು ದೂರಿ ಏನು ಪ್ರಯೋಜನ?

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಈ ತೀರ್ಮಾನಕ್ಕೆ ಆಟ ಮುಗಿಯುವುದನ್ನು ಕಾಯಬೇಕಾಗಿಲ್ಲ. ಮೂವತ್ತನೇ ನಡೆಯಲ್ಲಿ ಆನೆ ಕಳೆದುಕೊಂಡು ಸೋತರೂ, ಬುಕ್ ನಂತರದ ಹತ್ತು ನಡೆಗಳಲ್ಲಿ ಸ್ಥಿತಿ ಚೆನ್ನಾಗಿತ್ತು ಎಂದಾದರೆ ಓಪನಿಂಗ್‌ಗೆ ಕ್ರೆಡಿಟ್ಟೇ ಸಿಗುತ್ತದೆ. ಎರಡನೆಯದು, ಎದುರಾಳಿಯ ರೇಟಿಂಗ್ ಎಷ್ಟು, ಯಂತ್ರ ಎಷ್ಟು ಆಳಕ್ಕೆ ಯೋಚಿಸಿತ್ತು ಎಂಬುದರ ಮೇಲೆ ನಮೂದಿನ ತೂಕ ಬದಲಾಗುತ್ತದೆ. ಆರು ವರ್ಷದ ಹುಡುಗನ ವಿರುದ್ಧ ನಮ್ಮ ಪೊಟ್ಟಣಗಳಿಗೆ ಆದ ಗತಿ ಇಲ್ಲಿ ಆಗಬಾರದೆಂದೇ ಈ ಏರ್ಪಾಡು. ಹಯಾಟ್ ಈ ವಿಧಾನದ ಬಗ್ಗೆ 1999ರಲ್ಲಿ ಕಂಪ್ಯೂಟರ್ ಚೆಸ್‌ನ ಪತ್ರಿಕೆಯೊಂದರಲ್ಲಿ ಬರೆದರು. ಕ್ರಾಫ್ಟಿಯ ಕೋಡ್ ಕೂಡ ಗುಟ್ಟಲ್ಲ, ಕಂಪ್ಯೂಟರ್ ಸೈನ್ಸ್ ವಿಭಾಗದ ಗೆಳೆಯರು ತೆರೆದು ಓದಬಹುದು.

ಎಲ್ಲರಿಗೂ ಗೊತ್ತಿರುವ ಡೀಪ್ ಬ್ಲೂ ಈ ದಾರಿ ಹಿಡಿಯಲಿಲ್ಲ. ಅದು ಬೇರೆಯವರ ಖಾತೆಗಳನ್ನು ತನ್ನದಾಗಿಸಿಕೊಂಡಿತು. ಅದರ ಚಿಕ್ಕ ಓಪನಿಂಗ್ ಬುಕ್‌ನಲ್ಲಿ ಸುಮಾರು 4,000 ಸ್ಥಿತಿಗಳು. ಜೋಯಲ್ ಬೆಂಜಮಿನ್ ಮತ್ತಿತರ ಗ್ರಾಂಡ್‌ಮಾಸ್ಟರ್‌ಗಳು ಕೈಯಾರೆ ತುಂಬಿದ್ದು. ಅದರ ಹಿಂದೆ ಗ್ರಾಂಡ್‌ಮಾಸ್ಟರ್‌ಗಳು ಆಡಿದ 7,00,000 ಆಟಗಳಿಂದ ತಾನಾಗಿ ತಯಾರಾದ ಇನ್ನೊಂದು ದೊಡ್ಡ ಪುಸ್ತಕ. ಒಂದು ನಡೆಯನ್ನು ಎಷ್ಟು ಸಲ ಆಡಿದ್ದಾರೆ, ಎಂಥವರು ಆಡಿದ್ದಾರೆ, ಇತ್ತೀಚೆಗೆ ಆಡಿದ್ದಾರೆಯೇ, ಫಲಿತಾಂಶ ಏನು ಎಂದು ನೋಡಿ ಅಂಕ. 1997ರ ಮೇ 11ರಂದು ಗ್ಯಾರಿ ಕಾಸ್ಪರೋವ್ ವಿರುದ್ಧದ ಆರನೇ ಆಟದಲ್ಲಿ ಡೀಪ್ ಬ್ಲೂ ಎಂಟನೇ ನಡೆಗೆ ಕುದುರೆಯನ್ನು ಬಲಿ ಕೊಟ್ಟಿತು. ನೋಡುತ್ತಿದ್ದವರು ಬೆರಗಾದರು. ಆ ನಡೆ ಯಂತ್ರದ ಯೋಚನೆಯಿಂದ ಬಂದದ್ದಲ್ಲ, ಬುಕ್‌ನಲ್ಲಿ ಇತ್ತು. ಕಾಸ್ಪರೋವ್ 19 ನಡೆಗಳಲ್ಲಿ ಸೋಲೊಪ್ಪಿದರು, ಸರಣಿ 3.5–2.5ರಿಂದ ಯಂತ್ರದ ಪಾಲಾಯಿತು. ಕಂಪ್ಯೂಟರ್ ಮನುಷ್ಯನನ್ನು ಗೆದ್ದಿತು ಎಂದು ನಾವು ಹೇಳುವ ಆ ಕೊನೆಯ ಆಟದ ಮುಖ್ಯ ನಡೆಯನ್ನು ಮನುಷ್ಯರೇ ಬರೆದಿಟ್ಟಿದ್ದರು ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ.

2017ರ ಡಿಸೆಂಬರ್‌ನಲ್ಲಿ ಬಂದ ಆಲ್ಫಾಝೀರೋ ಯಾರ ಪುಸ್ತಕವನ್ನೂ ಮುಟ್ಟಲಿಲ್ಲ. ಅದಕ್ಕೆ ಕೊಟ್ಟದ್ದು ಆಟದ ನಿಯಮಗಳು ಮಾತ್ರ. ತನ್ನ ವಿರುದ್ಧ ತಾನೇ 4 ಕೋಟಿ 40 ಲಕ್ಷ ಆಟ ಆಡಿ ಕಲಿಯಿತು. ವಿಚಿತ್ರವೆಂದರೆ ಅದರ ಡೆಬಿಟ್–ಕ್ರೆಡಿಟ್ ಮಿಚಿಯ ಪೊಟ್ಟಣಗಳಿಗೇ ಹತ್ತಿರ: ಆಟದ ಕೊನೆಯ ಫಲಿತಾಂಶ ಆ ಆಟದ ಎಲ್ಲ ಸ್ಥಿತಿಗಳಿಗೂ ಅನ್ವಯ. ಒಂದು ಆಟದಲ್ಲಿ ಒಳ್ಳೆಯ ಓಪನಿಂಗ್‌ಗೆ ಅನ್ಯಾಯವಾಗಬಹುದು, ಆದರೆ ಕೋಟಿ ಆಟಗಳಲ್ಲಿ ಅದು ಸರಿದೂಗುತ್ತದೆ. ಸ್ಥಿತಿಗೊಂದು ಪುಟ ಎಂಬ ಲೆಡ್ಜರ್ ಕೂಡ ಅದಕ್ಕಿಲ್ಲ. ಕಲಿತದ್ದೆಲ್ಲ ಒಂದು ನ್ಯೂರಲ್ ನೆಟ್‌ವರ್ಕ್‌ನ ಅಂಕಿಗಳಲ್ಲಿ ಹರಡಿಕೊಂಡಿರುತ್ತದೆ, ಹಾಗಾಗಿ ಹಿಂದೆ ಕಾಣದ ಸ್ಥಿತಿಗೂ ಅಂದಾಜು ಕಟ್ಟಬಲ್ಲದು. ಮನುಷ್ಯರು ಹೆಚ್ಚಾಗಿ ಆಡುವ 12 ಓಪನಿಂಗ್‌ಗಳನ್ನು ಅದು ಯಾರೂ ಹೇಳದೆ ತಾನೇ ಕಂಡುಕೊಂಡಿತು. ಕೆಲವನ್ನು ಸ್ವಲ್ಪ ಕಾಲ ಆಡಿ ಕಡಿಮೆ ಮಾಡಿತು. ಆದರೆ ಆ ಆಟಗಳನ್ನು ಆಡಿಸಲು 5,000 ವಿಶೇಷ ಚಿಪ್‌ಗಳು ಬೇಕಾದವು. ನಮ್ಮಂಥವರ ಜೀವನದಲ್ಲಿ ಕೋಟಿ ಆಟಗಳಿಲ್ಲ. ನಮಗೆ ಹಯಾಟ್ ಅವರ ಲೆಕ್ಕವೇ ಕೈಗೆಟುಕುವಂಥದು.

ಕಲಿತ ಓಪನಿಂಗ್‌ಗೆ ಇನ್ನೊಂದು ಮಿತಿಯಿದೆ: ನಿಯಮ ಬದಲಾದರೆ ಇಡೀ ಪುಸ್ತಕ ರದ್ದಿ. ನನ್ನ ನಾನಾ ಆಡುವ ಹಳೆಯ ಶತ್ರಂಜ್‌ನಲ್ಲಿ ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ. ಕ್ಯಾಸ್ಲಿಂಗ್ ಇಲ್ಲ, ಅದರ ಬದಲು ಬಾದ್‌ಷಾ ಒಂದು ಸಲ ಕುದುರೆಯಂತೆ ಹಾರಬಹುದು. ನಾನು ಮೊಬೈಲಿನಿಂದ ಕಲಿತ ಓಪನಿಂಗ್‌ಗಳಲ್ಲಿ ಒಂದೂ ಅವರ ಮುಂದೆ ನಡೆಯುವುದಿಲ್ಲ. ಇದೇ ತೊಡಕನ್ನು ತಿರುಗಾ ದಿಕ್ಕಿನಿಂದ ಎದುರಿಸಿದವರು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಭಾರತೀಯ ನಿಯಮದಲ್ಲಿ ಬೆಳೆದ ಅವರು 1929ರಲ್ಲಿ ಸರ್ ಉಮರ್ ಹಯಾತ್ ಖಾನ್ ಜೊತೆ ಇಂಗ್ಲೆಂಡಿಗೆ ಹೋದರು. ಓಪನಿಂಗ್ ಪುಸ್ತಕಗಳ ಓದು ಅವರಿಗಿರಲಿಲ್ಲ, ಆರಂಭದಲ್ಲಿ ಹಿಂದೆ ಬೀಳುತ್ತಿದ್ದರು. ಆದರೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಸೋಲಿಸಿದರು. ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ.

ಅದೇ 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಗುಕೇಶ್ ಕೂಡ ಎಳೆಯ ವಯಸ್ಸಿನಲ್ಲಿ ಬಹಳ ಕಾಲ ಕಂಪ್ಯೂಟರ್ ಎಂಜಿನ್ ಇಲ್ಲದೆಯೇ ಅಭ್ಯಾಸ ಮಾಡಿದವರು. ಎಂಜಿನ್ ಬೇಡವೆಂದು ಇದರರ್ಥವಲ್ಲ, ಆಮೇಲೆ ಅವರೂ ಬಳಸಿದರು. ಉತ್ತರ ನೋಡುವ ಮೊದಲು ಸ್ವಂತ ನಮೂದು ಇರಲಿ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಇಷ್ಟೆಲ್ಲ ಓದಲು ನನಗೆ ಕಾರಣ ನಮ್ಮ ಚೆಸ್ ತಂಡದ ಒಬ್ಬ ಆಟಗಾರ್ತಿ. ತಾಲ್ಲೂಕು ಮಟ್ಟದ ಪಿಯು ಕ್ರೀಡಾಕೂಟಕ್ಕೆ ತಯಾರಿ ನಡೆಯುವಾಗ ಅವಳು ಫ್ರೆಂಚ್ ಡಿಫೆನ್ಸ್ ಆಡಿ ಸತತ ಎರಡು ಆಟ ಸೋತಳು. "ಈ ಓಪನಿಂಗೇ ಸರಿಯಿಲ್ಲ, ನನ್ನ ಹೆಸರು ತೆಗೆದುಬಿಡಿ" ಎಂದಳು. ಹೆಣ್ಣುಮಕ್ಕಳ ತಂಡಕ್ಕೆ ಬೇರೆ ಆಟಗಾರ್ತಿಯರು ಸಿಗುವುದೇ ಕಷ್ಟ. ಮನೆಯವರನ್ನು ಒಪ್ಪಿಸಿ ಅವಳು ತಂಡಕ್ಕೆ ಬಂದಿದ್ದೇ ದೊಡ್ಡ ಕಥೆ. ಅದೃಷ್ಟಕ್ಕೆ ಎರಡೂ ಆಟಗಳ ನಡೆಗಳನ್ನು ಅವಳು ಬರೆದಿಟ್ಟಿದ್ದಳು. ಕೂತು ನೋಡಿದೆವು. ಮೊದಲ ಆಟದಲ್ಲಿ ಹದಿನೆಂಟನೇ ನಡೆಯವರೆಗೆ ಸ್ಥಿತಿ ಸಮ, ಮೂವತ್ತೊಂದರಲ್ಲಿ ಆನೆ ಹೋಗಿತ್ತು. ಎರಡನೆಯದರಲ್ಲಿ ಅವಳ ಒಂಟೆ ಸ್ವಂತ ಪದಾತಿಗಳ ಹಿಂದೆ ಸಿಕ್ಕಿಬಿದ್ದು ಹೊರಗೇ ಬಂದಿರಲಿಲ್ಲ. ಅದು ನಿಜವಾಗಿ ಓಪನಿಂಗ್ ಖಾತೆಗೆ ಸೇರಬೇಕಾದ ಬಾಕಿ. ಎರಡು ಸೋಲಿನಲ್ಲಿ ಒಂದು ಮಾತ್ರ.

ಈಗ ನಾವು ನಾಲ್ಕು ಕಾಲಂ ಎಳೆದ ನೋಟ್‌ಬುಕ್ ಇಟ್ಟಿದ್ದೇವೆ: ಓಪನಿಂಗ್ ಹೆಸರು, ಕಲಿತ ನಡೆಗಳು ಮುಗಿದು ಹತ್ತು ನಡೆಯಾದ ಮೇಲೆ ಯಾರ ಸ್ಥಿತಿ ಮೇಲು, ಎದುರಾಳಿ ಎಷ್ಟು ಗಟ್ಟಿ, ಕೊನೆಯ ಫಲಿತಾಂಶ. ಎರಡನೇ ಕಾಲಂ ತುಂಬುವವರೆಗೆ ಮೊಬೈಲ್ ತೆರೆಯುವಂತಿಲ್ಲ. ಅವಳ ಫ್ರೆಂಚ್ ಡಿಫೆನ್ಸ್ ಪುಟದಲ್ಲಿ ಇದುವರೆಗೆ ಆರು ನಮೂದುಗಳಿವೆ. ಬೆಂಕಿಪೊಟ್ಟಣಗಳು ಲೈಬ್ರರಿಯ ಕಬೋರ್ಡಿನಲ್ಲಿವೆ, ಗ್ರಂಥಪಾಲಕರನ್ನು ಕೇಳಿದರೆ ಕೊಡುತ್ತಾರೆ. ಆಡಿದವರು ಹೊರಗಿಟ್ಟ ಮಣಿ ಯಾವ ಪೊಟ್ಟಣದ್ದು ಎಂದು ಚೀಟಿಯಲ್ಲಿ ಬರೆದಿಡಿ, ಇಲ್ಲವಾದರೆ ಮುಂದಿನವರಿಗೆ ಟ್ಯಾಲಿ ಆಗುವುದಿಲ್ಲ.